ಒಳಗಿನದು ಮೊದಲು

ಕತ್ತರಿ ಅಕ್ಕನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದಪ್ಪದ ಒಂದು ಗಂಟಿದೆ. ಇಪ್ಪತ್ತಾರು ವರ್ಷ ದೊಡ್ಡ ಕತ್ತರಿ ಹಿಡಿದ ಕೈಗೆ ಸಿಕ್ಕ ಪ್ರಶಸ್ತಿ ಅದೊಂದೇ. ಬೇರೆ ಪ್ರಶಸ್ತಿ ಯಾರೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಅವಳು ಕೇಳಿದ್ದು ಒಂದೇ: ಬಾಗಿಲ ಪಕ್ಕದ ಆ ಮೊದಲ ಮೇಜಿನ ಮುಂದೆ, ಕೈ ನಡುಗದಿರುವಷ್ಟು ದಿನ, ತನ್ನನ್ನು ನಿಂತಿರಲು ಬಿಡಿ ಎಂದು.

ಅದು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಕೇಂದ್ರ. ಹಿಂದೊಮ್ಮೆ ಉಗ್ರಾಣವಾಗಿದ್ದ ಉದ್ದನೆಯ ಹಜಾರ. ಈ ತುದಿಗೆ ಬಾಗಿಲು, ಆ ತುದಿಗೆ ಕಿಟಕಿ, ನಡುವೆ ಸಾಲಾಗಿ ಆರು ಮೇಜು. ಮೊದಲ ಮೇಜಿನಲ್ಲಿ ಅಕ್ಕ ಬಟ್ಟೆ ಕತ್ತರಿಸುತ್ತಾಳೆ. ಎರಡನೆಯದರಲ್ಲಿ ಪಕ್ಕದ ಹೊಲಿಗೆ, ಮೂರನೆಯದರಲ್ಲಿ ನೆರಿಗೆ, ನಾಲ್ಕನೆಯದರಲ್ಲಿ ಸೊಂಟಪಟ್ಟಿ, ಐದನೆಯದರಲ್ಲಿ ಹುಕ್ಕು. ಕಿಟಕಿಯ ಬಳಿಯ ಕೊನೆಯ ಮೇಜಿನಲ್ಲಿ ಇಸ್ತ್ರಿ. ಎಡಗಡೆ ಬಾಗಿಲಲ್ಲಿ ಥಾನಾಗಿ ಬಂದ ಬಟ್ಟೆ ಬಲಗಡೆ ಕಿಟಕಿ ತಲುಪುವಷ್ಟರಲ್ಲಿ ಲಂಗವಾಗಿರುತ್ತದೆ. ಇಷ್ಟು ವರ್ಷದಲ್ಲಿ ಆ ಹಜಾರದಲ್ಲಿ ಕೆಲಸ ಒಮ್ಮೆಯೂ ಬಲದಿಂದ ಎಡಕ್ಕೆ ಹರಿದದ್ದಿಲ್ಲ. ಅಲ್ಲಿನ ಹೆಂಗಸರ ಮಟ್ಟಿಗೆ ಎಡಗಡೆ ಇರುವುದೆಂದರೆ ಮೊದಲು ಆಗುವುದು, ಬಲಗಡೆ ಇರುವುದೆಂದರೆ ಆಮೇಲೆ ಆಗುವುದು. ಈ ಮಾತು ನೆನಪಿರಲಿ. ಮುಂದೆ ಆದ ಅನಾಹುತಕ್ಕೆಲ್ಲ ಇದೇ ಬೇರು.

ಒಂದು ದಿನ ಮೇಲಿನ ಕಚೇರಿಯಿಂದ ಕಾಗದ ಬಂತು. ಕಟಿಂಗ್ ಮೇಜಿನ ಮುಖ್ಯಸ್ಥರು ಹನ್ನೆರಡನೆಯ ತರಗತಿ ಪಾಸಾಗಿರತಕ್ಕದ್ದು, ಒಂದು ವರ್ಷದೊಳಗೆ ಪ್ರಮಾಣಪತ್ರ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಪ್ಯಾಕಿಂಗ್ ವಿಭಾಗಕ್ಕೆ ಕಳುಹಿಸಲಾಗುವುದು. ಇದನ್ನು ಬರೆದವರ ಅಂಗಿಯನ್ನು ಯಾರೋ ಒಬ್ಬರು ಕತ್ತರಿಸಿದ್ದಾರಷ್ಟೆ? ಅವರು ಎಷ್ಟನೆಯ ತರಗತಿ ಓದಿದ್ದರೆಂದು ಅಂಗಿ ಹಾಕಿಕೊಳ್ಳುವಾಗ ಯಾರೂ ವಿಚಾರಿಸಲಿಲ್ಲ. ಅಂಗಿ ಹೆಗಲಿಗೆ ಸರಿಯಾಗಿ ಕೂತಿತು, ಅವರು ಕುರ್ಚಿಯಲ್ಲಿ ಕೂತರು, ಕೂತು ಈ ನಿಯಮ ಬರೆದರು. ಬರೆದ ಕೈಗೆ ಒಂದು ಗಳಿಗೆಯ ಕೆಲಸ. ಓದಿದ ಕೈ ಮಾತ್ರ ಅವತ್ತು ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ.

ಅಕ್ಕ ಹತ್ತನೆಯ ತರಗತಿ ಮುಗಿಸಿದ್ದು ಮದುವೆಗೆ ಮುಂಚೆ. ಈಗ ಅವಳಿಗೆ ಐವತ್ತೆರಡು.

ಮನೆಯಲ್ಲಿ ವಿಷಯ ಹೇಳಿದಾಗ ಮೊದಲು ಬಾಯಿ ಬಿಟ್ಟದ್ದು ಗಂಡ. ಮೂವತ್ತು ವರ್ಷ ಬಸ್ಸಿನ ಕಂಡಕ್ಟರಾಗಿದ್ದು ನಿವೃತ್ತನಾದವನು. ಮನೆಯಲ್ಲೂ ಸೀಟಿ ಊದುವ ದನಿಯಲ್ಲೇ ಮಾತಾಡುತ್ತಾನೆ.

"ಈ ವಯಸ್ಸಲ್ಲಿ ಪರೀಕ್ಷೆನಾ? ಹಾಲ್ ಟಿಕೆಟ್ ಫೋಟೋಗೆ ತಲೆಗೆ ಬಣ್ಣ ಹಚ್ಕೋಬೇಕಾಗುತ್ತೆ ನೋಡು!"

"ನೀವು ಸುಮ್ನಿರ್ತೀರಾ?"

"ಸುಮ್ನಿದ್ದೀನಿ. ಟಿಕೆಟ್ ಅನ್ನೋ ಮಾತು ಹಳೇ ಅಭ್ಯಾಸಕ್ಕೆ ಬಾಯಿಗೆ ಬಂತು."

ಒಳಕೋಣೆಯಿಂದ ಸೊಸೆ ಬಂದಳು. ಶಾಲೆಯೊಂದರಲ್ಲಿ ಗಣಿತದ ಟೀಚರು. ಕೈಯಲ್ಲಿ ಕೆಂಪು ಪೆನ್ನು ಇನ್ನೂ ಇತ್ತು. ಕಾಗದ ಇಸಿದುಕೊಂಡು ಎರಡು ಸಲ ಓದಿದಳು. "ಅತ್ತೆ, ನಾಳೆಯಿಂದ ಸಂಜೆ ಆರೂವರೆಗೆ ಕೂರೋಣ. ಬೇರೆ ಪಾಠ ನೀವೇ ಓದ್ಕೊಳ್ಳಿ. ಗಣಿತ ನನಗೆ ಬಿಡಿ," ಎಂದಳು. ಅಷ್ಟೇ ಮಾತು. ಅಯ್ಯೋ ಪಾಪ ಎನ್ನಲಿಲ್ಲ, ಧೈರ್ಯ ಹೇಳಲಿಲ್ಲ.

ಐದು ವರ್ಷದ ಹಿಂದೆ ಈ ಸೊಸೆ ಮನೆಗೆ ಬಂದಾಗ ಅವಳಿಗೆ ಸೂಜಿಗೆ ದಾರ ಪೋಣಿಸಲು ಬರುತ್ತಿರಲಿಲ್ಲ. ದಾರದ ತುದಿ ಒದ್ದೆ ಮಾಡಿ ಮಾಡಿ ಅಳುವ ಹಂತಕ್ಕೆ ಬಂದಿದ್ದಳು. ಅಕ್ಕ ನಕ್ಕಿರಲಿಲ್ಲ. ಅವಳ ಬೆರಳಿನ ಮೇಲೆ ತನ್ನ ಬೆರಳಿಟ್ಟು, "ದಾರಾನ ಸೂಜಿಗೆ ತರಬೇಡ, ಸೂಜಿನ ದಾರಕ್ಕೆ ತಾ," ಎಂದು ಒಂದೇ ಸಲಕ್ಕೆ ದಾಟಿಸಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ಊರವರು ಹಲ್ಲು ಕಡಿದು ಆಡುವ ಮಾತು ಈ ಮನೆಯಲ್ಲಿ ಬೇರೆಯದೇ ಅರ್ಥದಲ್ಲಿ ನಿಜವಾಯಿತು. ಅತ್ತೆ ಕಲಿಸುವ ಕಾಲ ಮುಗಿದು ಸೊಸೆ ಕಲಿಸುವ ಕಾಲ ಬಂತು.

ಪಾಠ ಚೆನ್ನಾಗಿಯೇ ಸಾಗಿತು. ಫಲನ, ಅಂದರೆ ಫಂಕ್ಷನ್, ಎಂಬ ಅಧ್ಯಾಯ ಬಂದಾಗ ಸೊಸೆ ಪುಸ್ತಕ ಮುಚ್ಚಿಟ್ಟಳು.

"ಅತ್ತೆ, ನಿಮ್ಮ ಕೇಂದ್ರದ ಮೇಜಿದೆಯಲ್ಲಾ, ಅದೇ ಫಲನ. ಒಂದು ಒಳಗೆ ಹೋಗುತ್ತೆ, ಒಂದು ಹೊರಗೆ ಬರುತ್ತೆ. ಅದನ್ನೇ ಇನ್ನೊಂದು ಸಲ ಒಳಗೆ ಹಾಕಿದ್ರೆ ಅದೇ ಹೊರಗೆ ಬರಬೇಕು. ಇವತ್ತೊಂದು ನಾಳೆಯೊಂದು ಬಂದ್ರೆ ಅದು ಫಲನ ಅಲ್ಲ."

"ಹಾಗಾದ್ರೆ ನಿಮ್ಮ ಮಾವ ಫಲನ ಅಲ್ಲ."

"ಯಾಕತ್ತೆ?"

"ಅದೇ ಚಹಾ, ಅದೇ ಲೋಟ. ಒಂದು ದಿನ ಮುಖ ಅರಳುತ್ತೆ, ಒಂದು ದಿನ ಊದುತ್ತೆ."

ಹೊರಗಿನಿಂದ ಕಂಡಕ್ಟರನ ಕೆಮ್ಮು ಕೇಳಿಸಿತು. ಸೊಸೆ ನಗು ತಡೆಯಲಾರದೆ ಮೇಜಿಗೆ ಹಣೆ ಹಚ್ಚಿದಳು.

ಮಾರನೆಯ ಸಂಜೆ ಎರಡು ಫಲನಗಳನ್ನು ಜೋಡಿಸುವ ಪಾಠ. ಒಂದರಿಂದ ಹೊರಬಂದದ್ದನ್ನು ಇನ್ನೊಂದರೊಳಗೆ ಹಾಕುವುದು. ಸೊಸೆಗೆ ಅವತ್ತು ವಿಪರೀತ ನೆಗಡಿ, ಜೊತೆಗೆ ತಿದ್ದಬೇಕಾದ ಅರವತ್ತು ಉತ್ತರ ಪತ್ರಿಕೆ. f(g(x)) ಎಂದು ಬರೆದು, "ಇದು ಎಫ್, ಇದು ಜಿ. ಎರಡೂ ಒಂದರ ಹಿಂದೆ ಒಂದು ಕೆಲಸ ಮಾಡುತ್ವೆ. ಯಾವುದು ಮೊದಲು ಅನ್ನೋದು ಮುಖ್ಯ. ತಿಳೀತಾ ಅತ್ತೆ?" ಎಂದು ಮೂಗೊರೆಸಿಕೊಂಡಳು.

ಅಕ್ಕನಿಗೆ ಎಡಗಡೆ ಎಫ್ ಕಂಡಿತು, ಬಲಗಡೆ ಜಿ ಕಂಡಿತು. ಆರು ಮೇಜಿನ ಹಜಾರ ಕಣ್ಣ ಮುಂದೆ ಬಂತು. ಎಡದ್ದು ಮೊದಲು, ಅದರಲ್ಲಿ ಕೇಳುವುದೇನಿದೆ? ಆದರೂ ನಡುವಿನ ಆ ಕಂಸ, ಆ ಬಾಗಿದ ಬ್ರಾಕೆಟ್ಟು, ಯಾಕಿದೆ ಎಂಬುದು ಹೊಳೆಯಲಿಲ್ಲ. ಕೇಳಬೇಕೆಂದು ಬಾಯಿ ತೆರೆದಳು. ಸೊಸೆಯ ಕೆಂಪಾದ ಕಣ್ಣು ನೋಡಿದಳು. ಇಷ್ಟೂ ತಿಳಿಯುವುದಿಲ್ಲವೇ ಎಂದುಕೊಂಡಾಳು ಎಂಬ ಅಳುಕು ಬೇರೆ. ಆ ಸೊಸೆ ಹಾಗೆಂದುಕೊಳ್ಳುವವಳಲ್ಲ, ಅದು ಅಕ್ಕನಿಗೂ ಗೊತ್ತು. ಆದರೆ ಕಚೇರಿಯ ಕಾಗದ ಬಂದಂದಿನಿಂದ ಯಾರು ಏನು ಕೇಳಿದರೂ ಅದು ಪರೀಕ್ಷೆಯಂತೆಯೇ ಕೇಳಿಸುತ್ತಿತ್ತು.

"ತಿಳೀತು. ನೀನು ಹೋಗಿ ಮಲಗಮ್ಮ," ಎಂದಳು.

ಅದೇ ವಾರ ಕೇಂದ್ರದಲ್ಲಿ ಹೊಸ ಪದ್ಧತಿ ಶುರುವಾಯಿತು. ಅಲ್ಲಿಯವರೆಗೆ ಲಂಗಗಳು ಮೂರೇ ಅಳತೆ: ಸಣ್ಣದು, ನಡುವಿನದು, ದೊಡ್ಡದು. ಮೂರಕ್ಕೂ ಎಷ್ಟೆಷ್ಟು ಅಗಲ ಕತ್ತರಿಸಬೇಕೆಂಬುದನ್ನು ಅಕ್ಕ ತನಗಿಂತ ಹಿಂದಿನ ಕಟಿಂಗಿನ ಮುದುಕನಿಂದ ಬಾಯಿಪಾಠವಾಗಿ ಕಲಿತಿದ್ದಳು. ಸಣ್ಣದಕ್ಕೆ ಎಪ್ಪತ್ತೆರಡು ಇಂಚು. ಯಾಕೆ ಎಪ್ಪತ್ತೆರಡು ಎಂದು ಮುದುಕ ಹೇಳಿರಲಿಲ್ಲ. ಅವನಿಗೂ ಯಾರೂ ಹೇಳಿರಲಿಲ್ಲವೇನೋ. ಈ ವರ್ಷ ಪ್ರತಿ ಹುಡುಗಿಯ ಸೊಂಟವನ್ನೂ ಶಾಲೆಯಲ್ಲೇ ಅಳೆದು ಪಟ್ಟಿ ಕಳಿಸಿದ್ದರು. ಮೇಲ್ವಿಚಾರಕ ಇನ್ನೂ ಮೂವತ್ತು ತುಂಬದ ತರುಣ. ಓದಿದವನು, ಕೆಟ್ಟವನಲ್ಲ, ಯಾವಾಗಲೂ ಅವಸರ. ಅವನು ಕಂಪ್ಯೂಟರಿನಲ್ಲಿ ಅಚ್ಚು ಮಾಡಿದ ಹಾಳೆಯೊಂದನ್ನು ಮೊದಲ ಮೇಜಿನ ಮೇಲಿನ ಗೋಡೆಗೆ ಅಂಟಿಸಿ, "ಅಕ್ಕ, ಇನ್ಮೇಲೆ ಇದರ ಪ್ರಕಾರ. ನಿಮಗೆ ಗೊತ್ತಾಗುತ್ತಲ್ಲಾ?" ಎಂದ.

ಹಾಳೆಯಲ್ಲಿ ದಪ್ಪಕ್ಷರದಲ್ಲಿ ಒಂದೇ ಸಾಲಿತ್ತು:

ಅಗಲ = 3(ಸೊಂಟ + 2)

"ಗೊತ್ತಾಗುತ್ತೆ ಸರ್," ಎಂದಳು ಅಕ್ಕ. ಎರಡನೆಯ ಸಲ.

ಅವನು ಮೀಟಿಂಗಿಗೆ ಹೋದ. ಅಕ್ಕ ಹಾಳೆಯ ಮುಂದೆ ನಿಂತಳು. ಮೂರು ಎಂದರೆ ನೆರಿಗೆ: ಒಂದಿಂಚು ಹೊರಗೆ ಕಾಣಬೇಕಾದರೆ ಮೂರಿಂಚು ಬಟ್ಟೆ ಮಡಚಿಕೊಳ್ಳುತ್ತದೆ. ಎರಡು ಎಂದರೆ ಸಡಿಲು: ಕೂರಲು, ಏಳಲು, ಉಣ್ಣಲು, ಓಡಲು. ಮೊದಲು ಮೂರಿದೆ, ಆಮೇಲೆ ಎರಡಿದೆ. ಐದನೆಯ ಮೇಜಿನಿಂದ ಹುಕ್ಕಿನವಳು ಎದ್ದು ಬಂದಳು. ಅವಳನ್ನು ಎಲ್ಲರೂ ಕಾಜಾ ಎಂದೇ ಕರೆಯುತ್ತಿದ್ದರು. ಕಾಜಾ ಹೊಲಿದೂ ಹೊಲಿದೂ ಅವಳ ಕಣ್ಣುಗಳೇ ಕಾಜಾದಂತೆ ಕಿರಿದಾಗಿದ್ದವು.

"ಅಕ್ಕ, ಇದೇನು ಮಂತ್ರ?"

"ಮಂತ್ರ ಅಲ್ಲ, ಲೆಕ್ಕ. ಸೊಂಟಾನ ಮೂರರಿಂದ ಗುಣಿಸು, ಆಮೇಲೆ ಎರಡು ಸೇರಿಸು. ನಮ್ಮ ಮೇಜಿನ ಥರಾನೇ, ಎಡದಿಂದ ಬಲಕ್ಕೆ."

"ಅಬ್ಬಾ, ಇನ್ನು ಅಕ್ಕನ್ನ ಹಿಡಿಯೋರಿಲ್ಲ!"

ಆ ಮಾತು ಬೆಚ್ಚಗಿತ್ತು. ಅಕ್ಕ ಟೇಪು ಹಾಸಿದಳು. ಸೊಂಟ ಇಪ್ಪತ್ತೆರಡು. ಮೂರರಿಂದ ಗುಣಿಸಿದರೆ ಅರವತ್ತಾರು, ಎರಡು ಕೂಡಿದರೆ ಅರವತ್ತೆಂಟು. ಕತ್ತರಿ ಅರವತ್ತೆಂಟರಲ್ಲಿ ಬಾಯಿ ತೆರೆಯಿತು, ಕೈ ತಡೆಯಿತು. ಇಪ್ಪತ್ತಾರು ವರ್ಷ ಎಪ್ಪತ್ತೆರಡಕ್ಕೆ ಚಾಚಿ ಅಭ್ಯಾಸವಾದ ತೋಳು ಇನ್ನೂ ನಾಲ್ಕಿಂಚು ಮುಂದೆ ಹೋಗಲು ಹವಣಿಸಿತು. ಆದರೆ ಬಟ್ಟೆ ಹೊಸ ಗಿರಣಿಯದು, ಹಾಳೆ ಕಂಪ್ಯೂಟರಿನದು, ಲೆಕ್ಕ ಓದಿದವರದು. ತೋಳಿಗೇನು ಗೊತ್ತು ಎಂದುಕೊಂಡಳು. ಕತ್ತರಿಸಿದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ಹೆಂಗಸೊಬ್ಬಳ ತೋಳಿನಲ್ಲಿ ಇಪ್ಪತ್ತಾರು ವರ್ಷದ ಸರಿಯಾದ ಉತ್ತರವಿದ್ದಾಗ, ಅದನ್ನು ನಂಬಬೇಡವೆಂದು ಅವಳಿಗೆ ಕಲಿಸಿದವರು ಯಾರು? ಹಾಳೆಯಲ್ಲಿ ತಪ್ಪಿರಲಿಲ್ಲ, ಅದನ್ನು ಒಪ್ಪೋಣ. ಆದರೆ ಹಾಳೆ ಅಂಟಿಸಲು ನಾಲ್ಕು ತುಂಡು ಟೇಪು ಹುಡುಕಿದವರು ಅದನ್ನು ವಿವರಿಸಲು ನಾಲ್ಕು ನಿಮಿಷ ಹುಡುಕಲಿಲ್ಲ.

ನಾಲ್ಕು ದಿನದಲ್ಲಿ ನೂರಾ ಎಂಬತ್ತಾರು ಲಂಗ ಸಿದ್ಧವಾದವು. ಐದನೆಯ ದಿನ ಹಾಕಿ ನೋಡಲೆಂದು ಶಾಲೆಯವರು ಏಳು ಹುಡುಗಿಯರನ್ನು ಕಳಿಸಿದರು. ಪರದೆಯ ಹಿಂದೆ ಕಿಲಕಿಲ, ತಳ್ಳಾಟ. ಮೊದಲು ಹೊರಗೆ ಬಂದವಳು ಸುಮಾರು ಹತ್ತು ವರ್ಷದವಳು. ಎರಡು ಜಡೆ, ಒಂದು ಹಲ್ಲು ಬಿದ್ದ ಬಾಯಿ. ಲಂಗ ನೋಡಲು ಚೆಂದವಾಗಿಯೇ ಇತ್ತು. ನೆರಿಗೆಗಳು ಪುಸ್ತಕದ ಹಾಳೆಗಳಂತೆ ನಿಂತಿದ್ದವು. ಅವಳು ಮಾತ್ರ ಕೋಲಿನಂತೆ ನೆಟ್ಟಗೆ ನಿಂತಿದ್ದಳು.

"ಆಗುತ್ತಾ ಪುಟ್ಟಿ?" ಎಂದಳು ಅಕ್ಕ.

"ಆಗುತ್ತೆ ಆಂಟಿ." ದನಿ ಗಂಟಲಲ್ಲೇ ಇತ್ತು.

"ಕೂತು ತೋರಿಸು."

ಹುಡುಗಿ ಕೂರಲಿಲ್ಲ. "ಉಸಿರು ಹಿಡ್ಕೊಂಡ್ರೆ ಆಗುತ್ತೆ," ಎಂದಳು. ಯಾರಾದರೂ ಬೈದಾರೆಂಬಂತೆ ಅವಸರದಿಂದ ಸೇರಿಸಿದಳು, "ನಾನು ಹಿಡ್ಕೋತೀನಿ ಆಂಟಿ. ನನಗೆ ಬರುತ್ತೆ."

ಅಕ್ಕ ಅವಳ ಮುಂದೆ ಮಂಡಿಯೂರಿ ಹುಕ್ಕು ಬಿಚ್ಚಿದಳು. ಬಿಚ್ಚಿದ ಕೂಡಲೇ ಹುಡುಗಿಯ ಹೊಟ್ಟೆ ಮೆಲ್ಲಗೆ ಹೊರಗೆ ಬಂತು, ಅವಳೂ ನಕ್ಕಳು. ಸೊಂಟದ ಸುತ್ತ ಪಟ್ಟಿಯ ಕೆಂಪು ಬರೆ. ಅಕ್ಕ ಅದರ ಮೇಲೆ ಹೆಬ್ಬೆರಳಾಡಿಸಿದಳು. ಎರಡಿಂಚು ಸಡಿಲು ಇರಬೇಕಾದಲ್ಲಿ ಒಂದು ಬೆರಳೂ ನುಸುಳುವಂತಿರಲಿಲ್ಲ. ಎರಡಿಂಚು ಎಲ್ಲಿ ಹೋಯಿತು? ತಾನು ಹಾಕಿದ್ದಳು. ಹಾಕಿದ್ದು ನಿಜ, ಆಣೆ ಮಾಡಿ ಹೇಳಬಲ್ಲಳು. ಎಲ್ಲಿ ಹೋಯಿತು?

ಏಳೂ ಹುಡುಗಿಯರಿಗೆ ಅದೇ ಕಥೆ. ಮೇಲ್ವಿಚಾರಕ ಲಂಗಗಳನ್ನು ತಿರುವಿ ನೋಡಿ ಹುಬ್ಬು ಗಂಟಿಕ್ಕಿದ. "ಲೆಕ್ಕ ಸರಿಯಾಗಿದೆ, ನಾನೇ ಮಾಡಿದ್ದು. ಹುಕ್ಕು ಒಳಗೆ ಸರಿದು ಹಾಕಿದ್ದಾರೆ. ಐದನೇ ಮೇಜಿನವರು ನಾಳೆ ಬೆಳಿಗ್ಗೆ ಬಂದು ನನ್ನ ನೋಡ್ಲಿ," ಎಂದ. ಕಾಜಾಳ ಕಿರಿದಾದ ಕಣ್ಣು ಇನ್ನೂ ಕಿರಿದಾಯಿತು. ಅವಳು ಹುಕ್ಕಿನ ಡಬ್ಬಿಯನ್ನು ಸುಮ್ಮನೆ ಮುಚ್ಚಿ ತೆರೆದು ಮಾಡುತ್ತಿದ್ದಳು.

ಆ ಸಂಜೆ ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುವುದಕ್ಕೂ ಮೊದಲು ಬಾಗಿಲಲ್ಲೇ ನಿಂತು ಹೇಳಿದಳು: "ಮೊನ್ನೆ ತಿಳೀತು ಅಂದೆನಲ್ಲಾ, ನನಗೆ ತಿಳಿದಿರಲಿಲ್ಲ ಕಣಮ್ಮ. ಸುಳ್ಳು ಹೇಳಿದೆ."

ಸೊಸೆ ಒಲೆ ಆರಿಸಿ ಬಂದು ಅವಳ ಕೈ ಹಿಡಿದು ಕೂರಿಸಿದಳು. ವಿಷಯವನ್ನೆಲ್ಲ ಕೇಳಿದಳು. ಕಾಗದದ ಮೇಲೆ 3(22 + 2) ಎಂದು ಬರೆದು ಪೆನ್ನನ್ನು ಅತ್ತೆಗೇ ಕೊಟ್ಟಳು.

"ಅತ್ತೆ, ಕಂಸ ಅಂದ್ರೆ ಏನಂದ್ಕೊಂಡ್ರಿ?"

"ಗೋಡೆ ಅಂದ್ಕೊಂಡೆ. ಎರಡು ಮೇಜಿನ ನಡುವಿನ ಗೋಡೆ."

"ಗೋಡೆ ಅಲ್ಲ. ಬಟ್ಟೆ ಅಂದ್ಕೊಳ್ಳಿ. ಒಳಗಿರೋದನ್ನ ಸುತ್ತಿಕೊಂಡಿರೋ ಬಟ್ಟೆ."

ಅಕ್ಕ ಆ ಎರಡು ಬಾಗಿದ ಗೆರೆಗಳನ್ನು ನೋಡುತ್ತ ಕೂತಳು. ಹೊರಗೆ ಯಾವುದೋ ಗಾಡಿ ಹಾರ್ನ್ ಹಾಕಿತು. ಅವಳಿಗೆ ಕೇಳಿಸಲಿಲ್ಲ.

"ಹಾಗಾದ್ರೆ," ಎಂದಳು ನಿಧಾನವಾಗಿ, "ನಾವು ಬಟ್ಟೆ ತೊಡೋ ಹಾಗೆ. ಒಳಂಗಿ ಮೊದಲು, ಮೇಲಂಗಿ ಆಮೇಲೆ. ನೋಡೋರಿಗೆ ಮೊದಲು ಕಾಣೋದು ಕೊನೆಗೆ ತೊಟ್ಟಿದ್ದು. ಈ ಮೂರು ಮೇಲಂಗಿ. ಅದು ಮೊದಲು ಕಾಣುತ್ತೆ, ಆದ್ರೆ ಕೆಲಸ ಕೊನೆಗೆ."

"ಅಷ್ಟೇ ಅತ್ತೆ. ಒಳಗಿನದು ಮೊದಲು. ಎಫ್ ಆಫ್ ಜಿ ಅಂದ್ರೂ ಅಷ್ಟೇ. ಜಿ ಮೈಗೆ ಅಂಟಿಕೊಂಡಿದೆ, ಅದು ಮೊದಲು."

ಅಕ್ಕ ಬರೆದಳು. ಇಪ್ಪತ್ತೆರಡು ಕೂಡಿಸು ಎರಡು, ಇಪ್ಪತ್ತನಾಲ್ಕು. ಅದರ ಮೂರು ಪಟ್ಟು, ಎಪ್ಪತ್ತೆರಡು. ಮುದುಕನ ಎಪ್ಪತ್ತೆರಡು! ತೋಳಿನ ಎಪ್ಪತ್ತೆರಡು! ಇಷ್ಟು ವರ್ಷ ಬಾಯಲ್ಲಿದ್ದ ಸಂಖ್ಯೆಗೆ ಇವತ್ತು ತಾಯಿ ತಂದೆ ಸಿಕ್ಕಂತಾಯಿತು.

"ಸಡಿಲನ್ನ ಮೈಗೆ ಕೊಡಬೇಕಿತ್ತು, ನಾನು ಬಟ್ಟೆಗೆ ಕೊಟ್ಟೆ," ಎಂದಳು. "ನೆರಿಗೆ ಮೂರಿಂಚು ನುಂಗಿ ಒಂದಿಂಚು ಉಗುಳುತ್ತೆ. ಬಟ್ಟೆಗೆ ಕೊಟ್ಟ ಎರಡಿಂಚನ್ನ ಅದೇ ನುಂಗಿತು. ಆ ಮಗುವಿಗೆ ಮುಕ್ಕಾಲು ಇಂಚೂ ಸಿಗಲಿಲ್ಲ."

ಕಂಡಕ್ಟರ್ ಪೇಪರು ಮಡಚಿಟ್ಟ. "ಇದಕ್ಕೆ ಇಷ್ಟೊಂದು ಓದಬೇಕಾ? ಮೂವತ್ತು ವರ್ಷ ನಾನು ಬಡ್ಕೊಂಡಿದ್ದೂ ಅದೇ ಅಲ್ವಾ? ಇಳಿಯೋರು ಮೊದಲು, ಹತ್ತೋರು ಆಮೇಲೆ! ಅದೇ ಜನ, ಅದೇ ಬಾಗಿಲು. ಹಿಂದೆ ಮುಂದೆ ಆದ್ರೆ ಬಸ್ಸೇ ಹೊರಡಲ್ಲ."

"ಮಾವ, ನಿಮ್ಮನ್ನ ನಮ್ಮ ಶಾಲೆಗೆ ಕರ್ಕೊಂಡು ಹೋಗ್ತೀನಿ," ಎಂದಳು ಸೊಸೆ, ನಿಜವಾಗಿಯೂ ಮೆಚ್ಚಿ.

ಅಕ್ಕ ನಗಲಿಲ್ಲ. "ಬಿಚ್ಚೋದಾದ್ರೆ?" ಎಂದು ಕೇಳಿದಳು. "ಹೊಲಿದಿದ್ದನ್ನ ಬಿಚ್ಚಿ ಸರಿ ಮಾಡೋದಾದ್ರೆ?"

"ಅದಕ್ಕೆ ವಿಲೋಮ ಅಂತಾರೆ ಅತ್ತೆ. ತೊಟ್ಟ ಕ್ರಮಕ್ಕೆ ಉಲ್ಟಾ. ಕೊನೆಗೆ ತೊಟ್ಟದ್ದು ಮೊದಲು ಬಿಚ್ಚಬೇಕು."

"ಕತ್ತರಿಸಿದ್ದಕ್ಕೆ?"

ಸೊಸೆ ಕಾಗದವನ್ನು ಮಡಚಿದಳು. "ಕೆಲವಕ್ಕೆ ವಿಲೋಮ ಇರಲ್ಲ ಅತ್ತೆ."

ಅದನ್ನೂ ಅಕ್ಕ ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ.

ಬೆಳಿಗ್ಗೆ ಅವಳು ಕೇಂದ್ರಕ್ಕೆ ಎಲ್ಲರಿಗಿಂತ ಮೊದಲು ಹೋದಳು. ಪರೀಕ್ಷೆಗೆ ಹನ್ನೊಂದು ದಿನವಿತ್ತು. ಸುಮ್ಮನಿದ್ದರೆ ಏನಾಗುತ್ತದೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದಳು. ಕಾಜಾಳಿಗೆ ಒಂದು ಬೈಗುಳ, ಒಂದು ನೋಟೀಸು. ಅವಳಿಗೆ ಹನ್ನೆರಡು ಪಾಸಾಗಬೇಕೆಂಬ ನಿಯಮವಿಲ್ಲ, ಹೇಗೋ ತಡೆದುಕೊಂಡಾಳು. ಹೇಳಿದರೆ? ಒಂದು ಸಾಲು ಓದಲು ಬಾರದವಳು ಮೊದಲ ಮೇಜಿಗೆ ಯಾಕೆ ಎಂದು ಕಚೇರಿ ಕೇಳುತ್ತದೆ. ಪರೀಕ್ಷೆಯವರೆಗೂ ಕಾಯುವುದಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಆ ಗಾದೆ ಮಾಡಿದವರು ಯಾವುದೋ ಕಚೇರಿಯ ಮೆಟ್ಟಿಲು ಹತ್ತಿ ಇಳಿದವರೇ ಇರಬೇಕು.

ಮೇಲ್ವಿಚಾರಕನ ಕೋಣೆಯ ಮುಂದೆ ಕಾಜಾ ಆಗಲೇ ನಿಂತಿದ್ದಳು. ಅಕ್ಕ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು. "ನೀನು ಆಚೆ ಹೋಗು. ನಿನ್ನ ಹುಕ್ಕು ಸರಿಯಾಗಿದೆ."

ಒಳಗೆ ಹೋಗಿ ನಿಂತುಕೊಂಡೇ ಹೇಳಿದಳು. "ಸರ್, ನಿಮ್ಮ ಲೆಕ್ಕ ಸರಿ. ನಾನು ಓದಿದ್ದು ತಪ್ಪು. ಮೊದಲು ಮೂರರಿಂದ ಗುಣಿಸಿಬಿಟ್ಟೆ, ಎರಡನ್ನ ಆಮೇಲೆ ಹಾಕಿದೆ. ನೂರಾ ಎಂಬತ್ತಾರಕ್ಕೂ ನಾಲ್ಕು ನಾಲ್ಕು ಇಂಚು ಕಡಿಮೆ ಕತ್ತರಿಸಿದ್ದೀನಿ. ಕಾಜಾ ಏನೂ ಮಾಡಿಲ್ಲ."

ಅವನು ಪೆನ್ನು ಕೆಳಗಿಟ್ಟ. "ಗೊತ್ತಾಗುತ್ತಾ ಅಂತ ಕೇಳಿದ್ನಲ್ಲಾ ಅಕ್ಕ? ಗೊತ್ತಾಗುತ್ತೆ ಅಂದ್ರಿ. ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಇವಳಿಗೆ ಗೊತ್ತಿಲ್ಲ ಅಂತ ಆಗ್ತಿತ್ತು. ಗೊತ್ತಿಲ್ಲದವಳಿಗೆ ಈ ಮೇಜು ಇಲ್ಲ ಅಂತ ಕಾಗದ ಬಂದಿದೆಯಲ್ಲಾ ಸರ್." ಅವಳ ದನಿ ಏರಲಿಲ್ಲ. "ನೀವು ಕೇಳಿದ ರೀತಿಗೆ ಹೂಂ ಅನ್ನೋದು ಬಿಟ್ಟು ಬೇರೆ ಉತ್ತರ ಇರಲಿಲ್ಲ. ಆ ಹುಡುಗಿ ಉಸಿರು ಹಿಡ್ಕೊಂಡು ಆಗುತ್ತೆ ಅಂದ್ಳಲ್ಲಾ, ನಾನೂ ಹಾಗೇ ಅಂದೆ."

ತರುಣ ಕುರ್ಚಿಯನ್ನು ಅತ್ತ ತಿರುಗಿಸಿದ. ಕಿಟಕಿಯ ಆಚೆ ನೋಡಿದ. ಅವನ ಕತ್ತಿನ ಹಿಂಭಾಗ ಕೆಂಪಗಾಗಿತ್ತು. ಕೊನೆಗೆ, "ವರದಿ ಬರೀಬೇಕಾಗುತ್ತೆ ಅಕ್ಕ," ಎಂದ.

"ಬರೀರಿ. ಮೊದಲು ಲಂಗ ಸರಿ ಮಾಡೋಣ."

ಉಪಾಯವನ್ನು ಅವಳು ಬರುವ ದಾರಿಯಲ್ಲೇ ಹೊಂದಿಸಿಕೊಂಡಿದ್ದಳು. ಕತ್ತರಿಸಿದ್ದನ್ನು ಹಿಂದಕ್ಕೆ ತರಲಾಗದು, ಆದರೆ ಸೇರಿಸಬಹುದು. ನಾಲ್ಕಿಂಚು ಬೇಕು, ಎರಡು ಕಡೆ ಹೊಲಿಗೆಗೆ ಅರ್ಧರ್ಧ, ಒಟ್ಟು ಐದಿಂಚಿನ ಪಟ್ಟಿ. ಥಾನುಗಳ ಕೊನೆಯ ತುಂಡುಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಪಟ್ಟಿ ಕೂಡಿಸಿದ ಗೆರೆ ನೆರಿಗೆಯ ಹೊಟ್ಟೆಯೊಳಗೆ ಬರುವಂತೆ ಮಡಚಿದರೆ ಹುಡುಕಿದರೂ ಕಾಣದು. ಆದರೆ ಅದಕ್ಕೆ ಮುಂಚೆ ನೂರಾ ಎಂಬತ್ತಾರನ್ನೂ ಬಿಚ್ಚಬೇಕು. ಹುಕ್ಕು ಮೊದಲು, ಆಮೇಲೆ ಸೊಂಟಪಟ್ಟಿ, ಆಮೇಲೆ ನೆರಿಗೆ, ಕೊನೆಗೆ ಪಕ್ಕದ ಹೊಲಿಗೆ.

ಆ ಹಜಾರದಲ್ಲಿ ಅದುವರೆಗೆ ಯಾರೂ ಕಾಣದ್ದು ಆಗ ನಡೆಯಿತು. ಕೆಲಸ ಕಿಟಕಿಯಿಂದ ಬಾಗಿಲಿಗೆ ಹರಿಯಿತು. ಕೊನೆಯ ಮೇಜಿನ ಇಸ್ತ್ರಿ ಮಾವ ಎಲ್ಲರಿಗಿಂತ ಹಿರಿಯ. ದಿನವಿಡೀ ಕೊನೆಗೆ ಕೆಲಸ ಮಾಡಿ ಕೊನೆಗೆ ಮನೆಗೆ ಹೋಗುವವನು. ಮೊದಲ ಲಂಗ ತನ್ನ ಕೈಯಿಂದಲೇ ಹೊರಟಾಗ ಕುಸ್ತಿ ಗೆದ್ದವನು ಗದೆ ಎತ್ತಿದಂತೆ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದ.

"ನೋಡ್ರಮ್ಮಾ, ಇಷ್ಟು ವರ್ಷಕ್ಕೆ ಮೊದಲ ಪಂಕ್ತಿ ನಂದು! ಈ ವಾರ ಮನೆಗೂ ಮೊದಲು ನಾನೇ ಹೋಗೋದು."

"ಹೋಗಿ ಮಾವ, ಮೊದಲು ಎದ್ದು, ಆಮೇಲೆ ಮಲ್ಕೊಂಡು, ಕೊನೆಗೆ ಹಾಸಿಗೆ ಹಾಸ್ಕೊಳ್ಳಿ!" ಎಂದಳು ಕಾಜಾ.

ಅವಳು ಹುಕ್ಕು ಬಿಚ್ಚಿ ಬಿಚ್ಚಿ ಡಬ್ಬಿಗೆ ಹಾಕುತ್ತಿದ್ದಳು. ನಡುನಡುವೆ ಅಕ್ಕನ ಕಡೆ ನೋಡುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ತನ್ನ ಡಬ್ಬಿಯಿಂದ ಅರ್ಧವನ್ನು ಕೇಳದೆಯೇ ಅಕ್ಕನ ಮುಚ್ಚಳಕ್ಕೆ ಹಾಕಿದಳು.

ಆರು ದಿನ ಹಿಡಿಯಿತು. ಅಷ್ಟು ದಿನವೂ ಅಕ್ಕ ಸಂಜೆ ಪಾಠ ತಪ್ಪಿಸಲಿಲ್ಲ. ಒಂದೊಂದು ಸಾಲಿಗೂ ಸೊಸೆಯನ್ನು ತಡೆದು, "ನಿಲ್ಲು, ತಿಳೀಲಿಲ್ಲ," ಎನ್ನುತ್ತಿದ್ದಳು. ಹಾಗನ್ನಲು ಮೊದಮೊದಲು ನಾಲಗೆ ಭಾರವಾಗುತ್ತಿತ್ತು. ಆಮೇಲಾಮೇಲೆ ಅದೊಂದು ಚಟವಾಯಿತು. ಕಂಡಕ್ಟರ್ ಟೀವಿಯಲ್ಲಿ ವಾರ್ತೆ ನೋಡುತ್ತಿದ್ದರೆ ಅಲ್ಲಿಗೂ ಹೋಗಿ, "ಇವರು ಹೇಳಿದ್ದು ತಿಳೀಲಿಲ್ಲ ನನಗೆ," ಎನ್ನುತ್ತಿದ್ದಳು. "ನನಗೂ ತಿಳಿದಿಲ್ಲ ಕಣೇ, ಮೂವತ್ತು ವರ್ಷದಿಂದ ಸುಮ್ನೆ ತಲೆ ಆಡಿಸ್ತಿದ್ದೀನಿ," ಎಂದು ಅವನು ಕೊನೆಗೂ ಒಪ್ಪಿಕೊಂಡ.

ಪರೀಕ್ಷೆಯ ಕೊಠಡಿಯಲ್ಲಿ ಅವಳ ಮುಂದಿನ ಬೆಂಚಿನಲ್ಲಿ ಮಗನಿಗಿಂತ ಚಿಕ್ಕವರು ಕೂತಿದ್ದರು. ಏಳನೆಯ ಪ್ರಶ್ನೆ: ಎಫ್ ಎಂದರೆ ಎರಡರಿಂದ ಗುಣಿಸಿ ಐದು ಕಳೆಯುವುದು, ಜಿ ಎಂದರೆ ವರ್ಗ ಮಾಡುವುದು, f(g(3)) ಎಷ್ಟು, g(f(3)) ಎಷ್ಟು, ಎರಡೂ ಒಂದೇ ಆಗುತ್ತವೆಯೇ? ಅಕ್ಕ ಪೆನ್ನಿನ ತುದಿಯನ್ನು ಕಂಸದ ಬಾಗಿದ ಗೆರೆಯ ಮೇಲೆ ಒಮ್ಮೆ ಆಡಿಸಿದಳು. ಹುಡುಗಿಯ ಸೊಂಟದ ಕೆಂಪು ಬರೆಯ ಮೇಲೆ ಹೆಬ್ಬೆರಳು ಆಡಿಸಿದ ಹಾಗೆ. ಒಳಗಿನದು ಮೊದಲು. ಮೂರರ ವರ್ಗ ಒಂಬತ್ತು, ಅದರ ಎರಡು ಪಟ್ಟು ಹದಿನೆಂಟು, ಐದು ಕಳೆದರೆ ಹದಿಮೂರು. ಇನ್ನೊಂದು? ಎರಡು ಮೂರಲೆ ಆರು, ಐದು ಕಳೆದರೆ ಒಂದು, ಒಂದರ ವರ್ಗ ಒಂದೇ. ಒಂದು ಕಡೆ ಹದಿಮೂರು, ಒಂದು ಕಡೆ ಒಂದು. ಅದೇ ಎರಡು ಕೆಲಸ, ಅದೇ ಮೂರು. 'ಒಂದೇ ಆಗುವುದಿಲ್ಲ' ಎಂದು ಬರೆದು, ಅದರಡಿ ಗೆರೆ ಎಳೆದಳು. ಇಷ್ಟು ಖಾತ್ರಿಯಿಂದ ಅವಳು ಬೇರೆ ಯಾವ ಉತ್ತರವನ್ನೂ ಬರೆಯಲಿಲ್ಲ.

ಮೇಲಿನ ಕಚೇರಿಯ ಉತ್ತರ ಫಲಿತಾಂಶಕ್ಕಿಂತ ಮೊದಲೇ ಬಂತು. ಮೇಲ್ವಿಚಾರಕ ಅದನ್ನು ಹಿಡಿದುಕೊಂಡು ತಾನೇ ಮೊದಲ ಮೇಜಿಗೆ ಬಂದ. ಕತ್ತರಿಸಿದವರಿಗೆ ಎಚ್ಚರಿಕೆ ನೀಡಲಾಗಿದೆ. ಪರೀಕ್ಷೆಯಲ್ಲಿ ತೇರ್ಗಡೆಯಾದಲ್ಲಿ ಅದೇ ಮೇಜಿನಲ್ಲಿ ಮುಂದುವರಿಯಬಹುದು. ಜೊತೆಗೆ ಇನ್ನೊಂದು ಸಾಲು: ಸೂಚನೆಯನ್ನು ವಿವರಿಸದೆ ಗೋಡೆಗೆ ಅಂಟಿಸಿದ ಮೇಲ್ವಿಚಾರಕರಿಗೂ ಎಚ್ಚರಿಕೆ ನೀಡಲಾಗಿದೆ.

"ನಿಮಗೂ ಯಾಕೆ ಸರ್?"

"ನಾನೇ ಬರೆದೆ ವರದೀಲಿ. ಇಲ್ಲದಿದ್ರೆ ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದು ಅವನು ಅಂಗಿಯ ತೋಳು ಮಡಚಿಕೊಂಡ. "ಅಕ್ಕ, ಎಪ್ಪತ್ತೆರಡು ಬರಬೇಕು ಅಂತ ನಿಮ್ಮ ಕೈಗೆ ಗೊತ್ತಿತ್ತು ಅಂತ ಕಾಜಾ ಹೇಳಿದ್ರು. ಇನ್ಮೇಲೆ ನನ್ನ ಹಾಳೆಗೂ ನಿಮ್ಮ ಕೈಗೂ ಜಗಳ ಆದ್ರೆ ಮೊದಲು ನನ್ನ ಕರೀರಿ."

ಫಲಿತಾಂಶ ಬಂದಾಗ ಗಣಿತದಲ್ಲಿ ಮೂವತ್ತೆಂಟು. ಮೂವತ್ತೈದು ಸಾಕಾಗಿತ್ತು. "ಮೂರು ಇಂಚು ಸಡಿಲು!" ಎಂದು ಸೊಸೆ ಅತ್ತೆಯನ್ನು ತಬ್ಬಿಕೊಂಡಳು. ಪ್ರಮಾಣಪತ್ರವನ್ನು ಕಚೇರಿಯಲ್ಲಿ ಯಾರೋ ಕಡತಕ್ಕೆ ಸೇರಿಸಿ ದಾರ ಕಟ್ಟಿದರು. ಅದನ್ನು ಇದುವರೆಗೆ ಯಾರೂ ಬಿಚ್ಚಿ ನೋಡಿಲ್ಲ, ಮುಂದೆಯೂ ನೋಡುವುದಿಲ್ಲ. ಒಬ್ಬ ಹೆಂಗಸಿನ ಒಂದು ವರ್ಷದ ನಿದ್ದೆಗೆಟ್ಟ ಹೆದರಿಕೆಗೆ ಆ ಕಡತದಲ್ಲಿ ಹೆಸರಿಲ್ಲ. ಅವಳು ಕಲಿತದ್ದು ಅವಳದಾಯಿತು, ಅದು ಬೇರೆ. ಕಲಿಸುವುದಕ್ಕೆ ಹೆದರಿಸುವುದೊಂದೇ ದಾರಿಯಾಗಿತ್ತೇ?

ಈಗ ಮೂರನೆಯ ಮೇಜಿಗೆ ಹೊಸಬಳೊಬ್ಬಳು ಬಂದಿದ್ದಾಳೆ. ಹತ್ತೊಂಬತ್ತು ವರ್ಷ. ಮೊದಲ ದಿನ ಅಕ್ಕ ಅವಳನ್ನು ಗೋಡೆಯ ಹಾಳೆಯ ಮುಂದೆ ನಿಲ್ಲಿಸಿ, ಸೀಮೆಸುಣ್ಣದಿಂದ ಮೇಜಿನ ಮೇಲೆ ಗೆರೆ ಎಳೆದೆಳೆದು ಹೇಳಿದಳು: ಇದು ಮೈ, ಇದು ಸಡಿಲು, ಅದನ್ನು ಸುತ್ತಿಕೊಂಡದ್ದು ನೆರಿಗೆ, ಒಳಗಿನದು ಮೊದಲು.

"ತಿಳೀತಾ?"

"ತಿಳೀತು ಅಕ್ಕ," ಎಂದಳು ಹುಡುಗಿ ತಟ್ಟನೆ.

ಅಕ್ಕ ಸೀಮೆಸುಣ್ಣ ಕೆಳಗಿಟ್ಟಳು. ಹುಡುಗಿಯ ಮುಖ ನೋಡಲಿಲ್ಲ, ಭುಜ ನೋಡಿದಳು. ಎರಡೂ ಭುಜ ಕಿವಿಯ ಕಡೆಗೆ ಏರಿ ಅಲ್ಲೇ ನಿಂತಿದ್ದವು.

"ಉಸಿರು ಬಿಡಮ್ಮ," ಎಂದಳು. "ಬಿಡು, ಪೂರ್ತಿ ಬಿಡು. ಮತ್ತೆ ಮೊದಲಿಂದ ಹೇಳ್ತೀನಿ."